ಮಳೆಗಾಲದಲ್ಲಿ ಮಾದರಿ ಕೆಲಸಕ್ಕೆ ಗಟ್ಟಿ ಅಂಟು: ಯಾವುದು ತರುವುದು, ಹೇಗೆ ಇಡುವುದು?

ಹೊಸಂಗಡಿ ಟೀಚರ್

ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ, ಅಂದರೆ ಶಾಲಾ ವಿಜ್ಞಾನ ಮೇಳಕ್ಕೆ, ಶಾಲೆಯಿಂದ ಎರಡು ಮಾದರಿ ಹೋಗ್ಲಿಕ್ಕುಂಟು. ಸಮಾಜ ವಿಜ್ಞಾನಕ್ಕೆ ಸ್ಥಿರ ಮಾದರಿ: ಕಾಸರಗೋಡಿನ ಮಧೂರಿನ ಹಾಗೆ ಮೂರು ನೆಲೆಯ ಗಜಪೃಷ್ಠದ (ಆನೆಯ ಬೆನ್ನಿನ ಹಾಗೆ ಹಿಂಬದಿ ದುಂಡಗಿರುವ) ದೇವಸ್ಥಾನ. 3 ಮಿ.ಮೀ. ಪ್ಲೈವುಡ್, ಬಾಲ್ಸಾ (ಬಹಳ ಹಗುರದ ಮರ), ಸನ್‌ಬೋರ್ಡ್, ಅಡಿಭಾಗಕ್ಕೆ ಥರ್ಮಾಕೋಲ್. ವಿಜ್ಞಾನಕ್ಕೆ ಚಲನಶೀಲ ಮಾದರಿ: ಸಣ್ಣ ಡಿಸಿ ಮೋಟರಿನಿಂದ ತಿರುಗುವ ಗಾಳಿಯಂತ್ರ. ಕೆಲಸ ಆಟಿಯಲ್ಲೇ ಶುರು ಆಗ್ಬೇಕು, ಅಂದರೆ ಮಳೆ ಸುರಿಯುವಾಗಲೇ.

ಕೇಳ್ಲಿಕ್ಕಿರುವುದು ಎರಡು. ಯಾವ ವಸ್ತುವಿಗೆ ಯಾವ ಅಂಟು? ಬಿಚ್ಚಿದ ಫೆವಿಕ್ವಿಕ್ ಎರಡನೇ ವಾರಕ್ಕೆ ಕಲ್ಲಾಗ್ತದೆ, ಅದನ್ನು ಫ್ರಿಜ್ಜಿನಲ್ಲಿ ಇಡಬಹುದಾ, ಬೇಡವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕಾರಣ ಸಮೇತ ಹೇಳಿದರೆ ಮಕ್ಕಳಿಗೂ ಹೇಳಿಕೊಡ್ಲಿಕ್ಕೆ ಆಗ್ತದೆ.

ಪೆರ್ಲ ಮರಗೆಲಸ

ಟೀಚರೇ, ಮರಕ್ಕೆ ಮರ ಅಂಟಿಸ್ಲಿಕ್ಕೆ ಫೆವಿಕ್ವಿಕ್ ಹುಡುಕುವ ಅಗತ್ಯವೇ ಇಲ್ಲ. ಪ್ಲೈವುಡ್, ಬಾಲ್ಸಾ, ಬಿದಿರು ಎಲ್ಲಕ್ಕೂ ಬಿಳಿ ಫೆವಿಕಾಲ್, ಅಂದರೆ ಎಸ್‌ಎಚ್, ಸಾಕು. ಸರಿಯಾಗಿ ಕೂತ ಜಾಯಿಂಟನ್ನು ಎಳೆದರೆ ಅಂಟು ಬಿಡುವ ಮೊದಲು ಮರವೇ ಸೀಳ್ತದೆ. ಅದಕ್ಕಿಂತ ಗಟ್ಟಿ ಇನ್ನೆಂತ ಬೇಕು?

ಮಳೆಗಾಲದ ತೊಂದರೆ ಅಂಟಿನದ್ದಲ್ಲ, ಮರದ್ದು. ಗಾಳಿಯಲ್ಲಿ ತೇವ ಶೇ. 85ರಿಂದ 90 ಇರುವಾಗ ಹೊರಗಿಟ್ಟ ಮರ ತನ್ನ ತೂಕದ ಶೇ. 17ರಿಂದ 20ರಷ್ಟು ನೀರು ಹೀರಿ ಕೂತಿರ್ತದೆ. ಅಂಟಿಸ್ಲಿಕ್ಕೆ ಶೇ. 12ರ ಒಳಗಿದ್ದರೆ ಒಳ್ಳೆಯದು. ಹಸಿ ಹಲಗೆಯನ್ನು ಅಂಟಿಸಿ ಗೋಡೆ ನಿಲ್ಲಿಸಿದಿರಿ ಅಂತ ಇಟ್ಟುಕೊಳ್ಳಿ. ತುಲಾಮಳೆ (ಅಕ್ಟೋಬರ್, ನವೆಂಬರಿನ ಮಳೆ) ನಿಂತು ಬಿಸಿಲು ಬಿದ್ದ ಕೂಡಲೇ ಮರ ಕುಗ್ತದೆ, ಮೂಲೆ ಬಿರಿಯುತ್ತದೆ. ಆಗ ಬೈಗುಳ ಫೆವಿಕಾಲಿಗೆ. ಹಾಗಾಗಿ ಕತ್ತರಿಸುವ ಮೊದಲು ಹಲಗೆಯನ್ನು ಎರಡು ದಿನ ಒಣಗಿದ ಕೋಣೆಯಲ್ಲಿ, ಗೋಡೆಗೆ ತಾಗಿಸದೆ, ಎರಡೂ ಬದಿಗೆ ಗಾಳಿ ಸಿಗುವ ಹಾಗೆ ನಿಲ್ಲಿಸಿ, ಫ್ಯಾನ್ ಹಾಕಿ. ಒಲೆಯ ಅಟ್ಟ ಇರುವ ಮನೆಯಾದರೆ ಇನ್ನೂ ಒಳ್ಳೆಯದು, ಹೊಗೆಯ ಮಸಿ ಹಿಡಿಯದ ಹಾಗೆ ಪೇಪರ್ ಸುತ್ತಿಡಿ.

ಅಂಟು ಹಚ್ಚುವಾಗ ಒಂದು ಬದಿಗೆ ತೆಳು ಪದರ ಸಾಕು. ಒತ್ತಿದಾಗ ಅಂಚಿನಲ್ಲಿ ಸಣ್ಣ ಸಣ್ಣ ಮಣಿ ಕಾಣಬೇಕು, ಧಾರೆಯಾಗಿ ಇಳಿಯಬಾರದು. ಪ್ಲೈವುಡ್ಡಿನ ಕತ್ತರಿಸಿದ ಅಂಚು ಅಂಟನ್ನು ಕುಡಿಯುತ್ತದೆ, ಅಲ್ಲಿಗೆ ಮೊದಲೊಮ್ಮೆ ತೆಳ್ಳಗೆ ಹಚ್ಚಿ 5 ನಿಮಿಷ ಬಿಟ್ಟು ಮತ್ತೆ ಹಚ್ಚಿ. ಬಟ್ಟೆ ಕ್ಲಿಪ್ಪೋ ಮಾಸ್ಕಿಂಗ್ ಟೇಪೋ ಹಾಕಿ ಹಿಡಿಸಿ. ಬೇಸಗೆಯಲ್ಲಿ ಒಂದು ಗಂಟೆಗೆ ಕ್ಲಿಪ್ ತೆಗೆಯಬಹುದು. ಆಟಿಯಲ್ಲಿ ರಾತ್ರಿಯಿಡೀ ಬಿಡಿ. ಪೂರ್ತಿ ಬಲ ಬರ್ಲಿಕ್ಕೆ 24 ಗಂಟೆ ಎಂದು ಬರೆದಿರುವುದನ್ನು ಈ ಹವೆಯಲ್ಲಿ ಎರಡು ದಿನ ಎಂದು ಓದಿಕೊಳ್ಳಿ.

ಗಜಪೃಷ್ಠದ ಹಿಂಬದಿಯ ತಿರುವಿಗೆ 3 ಮಿ.ಮೀ. ಪ್ಲೈ ಬಗ್ಗುವುದಿಲ್ಲ. 1 ಮಿ.ಮೀ. ಬಾಲ್ಸಾ ಮೂರು ಪದರ ತೆಗೆದುಕೊಳ್ಳಿ. ನಾರು ಕಂಬದ ಹಾಗೆ ನೆಟ್ಟಗೆ ನಿಲ್ಲಬೇಕು, ತಿರುವಿನ ಉದ್ದಕ್ಕೆ ಓಡಬಾರದು, ಆಗ ಮುರಿಯದೆ ಬಗ್ಗುತ್ತದೆ. ಹೊರಮೈಗೆ ನೀರು ಸವರಿ ಪೇಂಟ್ ಡಬ್ಬಕ್ಕೆ ಸುತ್ತಿ ಒಣಗಿಸಿ. ಪೂರಾ ಒಣಗಿದ ಮೇಲೆ ಪದರಗಳ ನಡುವೆ ಫೆವಿಕಾಲ್ ಹಚ್ಚಿ ಅದೇ ಡಬ್ಬಕ್ಕೆ ಕಟ್ಟಿ. ಡಬ್ಬಕ್ಕೆ ಮೊದಲು ಪ್ಲಾಸ್ಟಿಕ್ ಸುತ್ತಲಿಕ್ಕೆ ಮರೆಯಬೇಡಿ, ಇಲ್ಲದಿದ್ದರೆ ಪೇಂಟ್ ಡಬ್ಬವೂ ದೇವಸ್ಥಾನದ ಭಾಗವಾಗ್ತದೆ. ಬಿಚ್ಚಿದಾಗ ತಿರುವು ಸ್ವಲ್ಪ ಅಗಲವಾಗಿ ಬಿಡ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ಕಿರಿದಾದ ಡಬ್ಬ ಆರಿಸಿ.

ಮುಳ್ಳೇರಿಯ ರಸಾಯನ

ಫೆವಿಕ್ವಿಕ್ಕಿನ ಬಗ್ಗೆ ಕಾರಣ ಕೇಳಿದ್ದೀರಿ. ಅದು ಈಥೈಲ್ ಸಯನೋಅಕ್ರಿಲೇಟ್. ಫೆವಿಕಾಲಿನ ಹಾಗೆ ನೀರು ಆವಿಯಾಗಿ ಒಣಗುವ ಅಂಟಲ್ಲ. ಯಾವ ವಸ್ತುವಿನ ಮೇಲ್ಮೈಯಲ್ಲೂ ಕಣ್ಣಿಗೆ ಕಾಣದ ನೀರಿನ ಪೊರೆ ಇರುತ್ತದೆ, ಆ ಪೊರೆಯಲ್ಲಿ ಹೈಡ್ರಾಕ್ಸೈಡ್ ಅಯಾನುಗಳಿರುತ್ತವೆ. ಅವು ತಾಗಿದ ಕೂಡಲೇ ದ್ರವದ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಣಿಯಾಗುತ್ತವೆ. ಅದು ಗಟ್ಟಿಯಾಗುವುದು ತೇವದಿಂದ. ಟ್ಯೂಬಿನೊಳಗೆ ಅದನ್ನು ತಡೆಯಲಿಕ್ಕೆ ಕಾರ್ಖಾನೆಯಲ್ಲೇ ಚೂರು ಆಮ್ಲ ಸೇರಿಸಿರುತ್ತಾರೆ. ಮೂತಿಯಿಂದ ತೇವದ ಗಾಳಿ ನುಗ್ಗಿ ಆ ಆಮ್ಲದ ತಡೆ ಮುಗಿದ ದಿನ ಟ್ಯೂಬ್ ಕಲ್ಲಾಗುತ್ತದೆ.

ಇದರಿಂದಲೇ ಬಳಕೆಯ ನಿಯಮಗಳೂ ಹುಟ್ಟುತ್ತವೆ. ಪದರ ತೆಳ್ಳಗಿರಬೇಕು, ಯಾಕೆಂದರೆ ತೇವ ಇರುವುದು ಮೇಲ್ಮೈಯಲ್ಲಿ. ದಪ್ಪಗೆ ಸುರಿದರೆ ನಡುವಿನ ಭಾಗಕ್ಕೆ ತೇವ ತಲುಪದೆ ಗಂಟೆಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಸಂದು ದೊಡ್ಡದಿದ್ದರೆ ಅಡುಗೆ ಸೋಡಾ ಉದುರಿಸಿ ಅದರ ಮೇಲೆ ತೆಳು ಅಂಟು ಬಿಟ್ಟರೆ ಕ್ಷಣದಲ್ಲಿ ಗಟ್ಟಿಯಾಗುವುದು ಸೋಡಾ ಕ್ಷಾರವಾದ್ದರಿಂದ. ಆಮೇಲೆ ಅದನ್ನು ಉಜ್ಜಿ ನಯ ಮಾಡಬಹುದು, ಆದರೆ ಬಾಲ್ಸಾಕ್ಕಿಂತ ಬಹಳ ಗಟ್ಟಿ, ಸ್ಯಾಂಡ್ ಪೇಪರ್ ಹಾಕಿದರೆ ಅಕ್ಕಪಕ್ಕದ ಬಾಲ್ಸಾ ಮೊದಲು ಸವೆಯುತ್ತದೆ.

ಅದಕ್ಕೆ ಹಿತವಾದ ಗಾಳಿಯ ತೇವ ಶೇ. 40ರಿಂದ 60. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಅಷ್ಟು ಕೆಳಗೆ ಇಳಿಯುವುದೇ ಅಪರೂಪ. ತೇವ ಹೆಚ್ಚಾದರೆ ಎರಡು ಕೆಡುಕು. ಒಂದು, ಅಂಟು ಮೇಲ್ಮೈಯೊಳಗೆ ಸರಿಯಾಗಿ ಹರಡುವ ಮೊದಲೇ ಹಿಡಿದುಬಿಡುತ್ತದೆ, ಜಾಯಿಂಟ್ ಮೇಲ್ನೋಟಕ್ಕೆ ಗಟ್ಟಿ, ಒಳಗೆ ದುರ್ಬಲ. ಇನ್ನೊಂದು, ಆವಿಯಾದ ಅಂಟು ಗಾಳಿಯ ತೇವ ತಾಗಿ ಸುತ್ತಲೂ ಬಿಳಿ ಹುಡಿಯಾಗಿ ಕೂರುತ್ತದೆ.

ಪೆಟ್ಟು ಮತ್ತು ಸಿಪ್ಪೆ ಸುಲಿಯುವ ಹಾಗೆ ಅಂಚಿನಿಂದ ಎಳೆಯುವ ಬಲ, ಎರಡನ್ನೂ ಅದು ತಾಳುವುದಿಲ್ಲ. ನೇರ ಎಳೆತಕ್ಕೆ ಗಟ್ಟಿ, ಬಿದ್ದರೆ ಚಟ್ಟನೆ ಬಿಡುತ್ತದೆ. ಜೀಪಿನಲ್ಲಿ ಕುಲುಕುತ್ತಾ ಹೋಗುವ ಮಾದರಿಯ ಆಧಾರ ಕಂಬಗಳಿಗೆ ಅದನ್ನೊಂದನ್ನೇ ನಂಬಬಾರದು.

ಉಪ್ಪಳ ಹಾರ್ಡ್‌ವೇರ್

ಅಂಗಡಿ ಬದಿಯಿಂದ ನಾಲ್ಕು ಮಾತು.

ಶಾಲೆ ಕೆಲಸಕ್ಕೆ 20 ಗ್ರಾಂ ಬಾಟಲಿ ತೆಗೆದುಕೊಳ್ಳಬೇಡಿ. ಅಗ್ಗ ಅಂತ ಕಾಣ್ತದೆ, ಅರ್ಧ ಮುಗಿಯುವಾಗ ಉಳಿದದ್ದು ಗಮ್ಮಿನ ಹಾಗೆ ನೂಲು ಬರ್ತದೆ. ಅರ್ಧ ಗ್ರಾಮಿನ ಸಣ್ಣ ಟ್ಯೂಬ್ ಹತ್ತೋ ಹನ್ನೆರಡೋ ತನ್ನಿ. ಒಂದು ಬಿಚ್ಚಿದರೆ ಅವತ್ತೇ ಮುಗಿಸಿ. ಇಡುವ ಸಮಸ್ಯೆಯ ಮುಕ್ಕಾಲು ಭಾಗ ಅಲ್ಲಿಗೇ ಮುಗೀತು.

ಪ್ಯಾಕೆಟ್ಟಿನ ತಯಾರಿ ತಿಂಗಳು ನೋಡಿ. ಬಿಚ್ಚದೆ ಹೊರಗಿಟ್ಟರೆ ಹೆಚ್ಚುಕಡಿಮೆ ಒಂದು ವರ್ಷ ಬಾಳ್ತದೆ. ಅಂಗಡಿ ಎದುರು ಬಿಸಿಲಿಗೆ ನೇತುಹಾಕಿದ ಹಾಳೆಯಿಂದ ಕಿತ್ತು ಕೊಟ್ಟರೆ ಬೇಡ ಅನ್ನಿ, ಒಳಗಿನ ಪೆಟ್ಟಿಗೆಯಿಂದ ಕೇಳಿ. ಬಾಟಲಿಯಾದರೆ ಓರೆ ಮಾಡಿ ನೋಡಿ: ತೆಳು ಅಂಟು ನೀರಿನ ಹಾಗೆ ಓಡ್ಬೇಕು, ತಡವರಿಸಿದರೆ ಹಳತು.

ಲಾಕ್‌ಟೈಟ್ (ಫೆವಿಕ್ವಿಕ್ ಜಾತಿಯದ್ದೇ, ಬೇರೆ ಕಂಪೆನಿ) ಕೇಳುವವರಿಗೆ: 406 ನೀರಿನ ಹಾಗೆ ತೆಳು, ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಒಳ್ಳೆಯದು. 401 ಅದಕ್ಕಿಂತ ದಪ್ಪ, ಮರದ ಹಾಗೆ ಹೀರುವ ವಸ್ತುವಿಗೆ ಬರ್ತದೆ. ಬೆಲೆ ಜಾಸ್ತಿ. ಶಾಲೆ ಮಾದರಿಗೆ ಅಷ್ಟು ಬೇಕಾ ಅಂತ ನೀವೇ ನೋಡಿ.

ಮತ್ತೊಂದು, ಸನ್‌ಬೋರ್ಡ್ ಮತ್ತು ಸನ್‌ಪ್ಯಾಕ್ ಒಂದೇ ಅಂತ ತಿಳಿದು ತುಂಬಾ ಜನ ಬರ್ತಾರೆ. ಸನ್‌ಬೋರ್ಡ್ ಪಿವಿಸಿ ನೊರೆ ಹಾಳೆ, ಫೆವಿಕ್ವಿಕ್ ತಾಗಿದ ಕೂಡಲೇ ಹಿಡೀತದೆ, ತಿದ್ದಲಿಕ್ಕೂ ಸಮಯ ಕೊಡುವುದಿಲ್ಲ. ಸನ್‌ಪ್ಯಾಕ್ ಒಳಗೆ ಕೊಳವೆ ಕೊಳವೆ ಇರುವ ಪಾಲಿಪ್ರೊಪಿಲೀನ್ ಹಾಳೆ. ಅದಕ್ಕೆ ಫೆವಿಕಾಲೂ ಇಲ್ಲ, ಫೆವಿಕ್ವಿಕ್ಕೂ ಇಲ್ಲ, ಎರಡು ಟ್ಯೂಬ್ ಬೆರೆಸಿ ಹಚ್ಚುವ ಅರಾಲ್ಡೈಟೂ ಇಲ್ಲ. ತೂತು ಮಾಡಿ ಸರಿಗೆ ಕಟ್ಟಿ ಅಥವಾ ಸ್ಕ್ರೂ ಹಾಕಿ.

ಕುಂಬಳೆ ಗಾಳಿಪಟ

ರಿಮೋಟ್ ವಿಮಾನ ಕಟ್ಟುವವರು ತೆಳು, ಮಧ್ಯಮ, ದಪ್ಪ ಅಂತ ಮೂರು ಬಗೆ ಸಿಎ ಇಟ್ಟುಕೊಳ್ತಾರೆ. ಎಲ್ಲವೂ ಈ ಸಯನೋಅಕ್ರಿಲೇಟೇ. ತೆಳು ಇರುವುದು ಮೊದಲೇ ಜೋಡಿಸಿದ ಜಾಯಿಂಟಿಗೆ, ಅಂಚಿನಲ್ಲಿ ಒಂದು ಹನಿ ಬಿಟ್ಟರೆ ಒಳಗೆ ತಾನೇ ಎಳೆದುಕೊಳ್ತದೆ. ದಪ್ಪ ಇರುವುದು ಹಚ್ಚಿ ಜೋಡಿಸ್ಲಿಕ್ಕೆ, ಸ್ವಲ್ಪ ಸಂದು ಇದ್ದರೂ ತುಂಬ್ತದೆ, ಸರಿಪಡಿಸ್ಲಿಕ್ಕೆ ಒಂದರ್ಧ ನಿಮಿಷ ಸಿಗ್ತದೆ.

ಫ್ರಿಜ್ಜಿನ ವಿಷಯಕ್ಕೆ ಬಂದರೆ, ನನ್ನ ಲೆಕ್ಕದಲ್ಲಿ ಬಿಚ್ಚಿದ ಬಾಟಲಿಗೆ ಫ್ರಿಜ್ ಬೇಡವೇ ಬೇಡ. ಬಿಚ್ಚದ್ದನ್ನು ಮಾತ್ರ ಇಡಿ. ಬಿಚ್ಚಿದ್ದು ಹೊರಗೆ, ನೆಟ್ಟಗೆ ನಿಲ್ಲಿಸಿ, ಮುಚ್ಚಳ ಬಿಗಿದು, ಸಿಲಿಕಾ ಜೆಲ್ ಇರುವ ಡಬ್ಬದಲ್ಲಿ. ತಣ್ಣಗಿನ ಬಾಟಲಿ ಹೊರಗೆ ತೆಗೆದು ಗಡಿಬಿಡಿಯಲ್ಲಿ ಮುಚ್ಚಳ ತಿರುಗಿಸಿದರೆ ಅಲ್ಲಿಗೆ ಮುಗೀತು.

ಮುಳ್ಳೇರಿಯ ರಸಾಯನ

ಗಾಳಿಪಟದವರ ಎಚ್ಚರಿಕೆ ಸರಿ, ತೀರ್ಮಾನ ಪೂರ್ತಿ ಸರಿಯಲ್ಲ. ಹವೆ 27 ಡಿಗ್ರಿ, ತೇವ ಶೇ. 90 ಇದ್ದರೆ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಅಂದರೆ 25ಕ್ಕಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕೂರುತ್ತದೆ. ಫ್ರಿಜ್ಜಿನಿಂದ ಬಂದ 5 ಡಿಗ್ರಿಯ ಬಾಟಲಿ ಒಂದೆರಡು ನಿಮಿಷದಲ್ಲಿ ಬೆವರುವುದು ಅದಕ್ಕೆ. ಆ ಹೊತ್ತಿಗೆ ಮುಚ್ಚಳ ತೆಗೆದರೆ ಮೂತಿಯೊಳಗೂ ಹನಿ ಕಟ್ಟುತ್ತದೆ.

ಆದರೆ ಕೆಡಿಸುವುದು ತಣ್ಣನೆ ಅಲ್ಲ, ತಣ್ಣಗಿರುವಾಗ ಬಿಚ್ಚುವುದು. ಬಾಟಲಿಯನ್ನು ರಬ್ಬರ್ ಪಟ್ಟಿ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಸಮೇತ ಹಾಕಿ ಡಬ್ಬವನ್ನೇ ಫ್ರಿಜ್ಜಿನಲ್ಲಿಟ್ಟು, ಬೇಕಾದಾಗ ಡಬ್ಬವನ್ನು ಮುಚ್ಚಿದ ಹಾಗೆಯೇ ಎರಡು ಗಂಟೆ ಹೊರಗಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ತೆರೆದರೆ ಬಿಚ್ಚಿದ ಬಾಟಲಿಗೂ ತೊಂದರೆ ಇಲ್ಲ. ನಿತ್ಯ ಬಳಸುವವರಿಗೆ ಈ ಎರಡು ಗಂಟೆ ಕಾಯುವುದು ಆಗಿಬರುವುದಿಲ್ಲ, ಅವರು ಹೊರಗೇ ಇಡಲಿ. ತಿಂಗಳಿಗೊಮ್ಮೆ ಮುಟ್ಟುವವರು ಫ್ರಿಜ್ಜಿನಲ್ಲಿ ಇಡಲಿ. 2ರಿಂದ 8 ಡಿಗ್ರಿ, ಅಂದರೆ ಸಾಮಾನ್ಯ ತಟ್ಟೆ, ಐಸ್ ಪೆಟ್ಟಿಗೆ ಅಲ್ಲ.

ಸಿಲಿಕಾ ಜೆಲ್ ಎಷ್ಟು ಎಂದು ಯಾರಾದರೂ ಕೇಳುವ ಮೊದಲು ಲೆಕ್ಕ: 27 ಡಿಗ್ರಿಯಲ್ಲಿ ಶೇ. 90 ತೇವದ ಒಂದು ಲೀಟರ್ ಗಾಳಿಯಲ್ಲಿ ಇರುವ ನೀರು ಸುಮಾರು 23 ಮಿಲಿಗ್ರಾಂ. 20 ಗ್ರಾಂ ಜೆಲ್ ಹಲವು ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ಲೀಟರ್ ಡಬ್ಬಕ್ಕೆ 20 ಗ್ರಾಂ ಧಾರಾಳ, ದಿನಾ ಒಮ್ಮೆ ತೆರೆದರೂ ಮಳೆಗಾಲ ದಾಟುತ್ತದೆ. ದಾಟದಿದ್ದರೆ ಡಬ್ಬದ ಮುಚ್ಚಳ ಸೋರುತ್ತಿದೆ ಎಂದರ್ಥ. ಅಕ್ಕಿ ಹಾಕುವವರಿದ್ದಾರೆ. ಆಟಿಯಲ್ಲಿ ಅಕ್ಕಿಯೇ ತೇವ ಹೀರಿ ಕೂತಿರುತ್ತದೆ, ಅದು ಇನ್ನೇನು ಹೀರೀತು? ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಣ್ಣ ಪೊಟ್ಟಣಗಳೂ ನಿಮ್ಮ ಕೈಗೆ ಸಿಗುವ ಹೊತ್ತಿಗೆ ತುಂಬಿರುತ್ತವೆ. ಬಣ್ಣ ಬದಲಾಗುವ ಜೆಲ್ ಕೊಳ್ಳಿ: ನೀಲಿ ಇದ್ದದ್ದು ಗುಲಾಬಿ, ಇಲ್ಲವೇ ಕಿತ್ತಳೆ ಇದ್ದದ್ದು ಹಸಿರು ಆದರೆ ತುಂಬಿತು ಎಂದರ್ಥ. 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಸಿದ್ಧ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ವಿಷ. ಅಡುಗೆಯ ಕಾವಲಿಯಲ್ಲಿ ಹುರಿಯಬೇಡಿ.

ಕುಂಬಳೆ ಗಾಳಿಪಟ

ಡಬ್ಬ ಸಮೇತ ಫ್ರಿಜ್ ಆದರೆ ಒಪ್ಪಿದೆ ಮಾಷ್ಟ್ರೇ. ಶಾಲೆಯಲ್ಲಿ ಎರಡು ಗಂಟೆ ಕಾಯುವ ಮಕ್ಕಳು ಎಲ್ಲಿದ್ದಾರೆ ಅನ್ನುವುದು ಬೇರೆ ಪ್ರಶ್ನೆ.

ಮೂತಿಯ ಬಗ್ಗೆ ಒಂದು ಸೇರಿಸ್ತೇನೆ. ಬಳಸಿದ ಮೇಲೆ ಬಾಟಲಿಯನ್ನು ನೆಟ್ಟಗೆ ಹಿಡಿದು ಮೇಜಿಗೆ ಮೆಲ್ಲ ಕುಟ್ಟಿ, ಮೂತಿಯಲ್ಲಿದ್ದ ಅಂಟು ಕೆಳಗಿಳೀತದೆ. ಸಣ್ಣಕೆ ಒತ್ತಿ ಒಂದು ಗುಳ್ಳೆ ಗಾಳಿ ಹೊರಗೆ ಬಿಡಿ, ಆಮೇಲೆ ಒಣ ಟಿಶ್ಯೂ ಕಾಗದದಲ್ಲಿ ತುದಿ ಒರೆಸಿ ಮುಚ್ಚಿ. ಮೂತಿಯನ್ನು ಮರಕ್ಕೆ ಒತ್ತಿ ಉಜ್ಜಬೇಡಿ. ಮರದ ಹುಡಿ, ಸೋಡಾ ಹುಡಿ ಒಳಗೆ ಹೋದರೆ ಬಾಟಲಿ ಒಳಗಿನಿಂದಲೇ ಗಟ್ಟಿಯಾಗ್ತದೆ. ಹನಿ ಬೇಕಾದಲ್ಲಿ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಎರಡು ಹನಿ ಹಾಕಿಕೊಂಡು ಹಿಡಿಸೂಡಿ ಕಡ್ಡಿಯ ತುದಿಯಿಂದ ಮುಟ್ಟಿಸಿ, ಟೂತ್‌ಪಿಕ್ಕಿಗಿಂತ ಸಪೂರ. ಗಾಜಿನ ಸೀಸೆಗೆ ಮಾತ್ರ ಸುರಿದಿಡಬೇಡಿ, ಗಾಜಿನ ಮೈ ಕ್ಷಾರ.

ಹೊಸಂಗಡಿ ಟೀಚರ್

ಡಬ್ಬ, ಜೆಲ್, ಸಣ್ಣ ಟ್ಯೂಬ್: ಬರೆದುಕೊಂಡೆ. ಥರ್ಮಾಕೋಲಿನ ಅಡಿಗೂ ಮೋಟರಿಗೂ ಯಾರೂ ಹೇಳಲಿಲ್ಲ. ಮೋಟರ್ ಹೋದ ವರ್ಷದ ಮಾದರಿಗಳಲ್ಲಿ ಗ್ಲೂ ಗನ್ನಿನಲ್ಲೇ ಅಂಟಿಸಿದ್ದು ಕಾಣ್ತದೆ.

ಕುಂಬಳೆ ಗಾಳಿಪಟ

ಥರ್ಮಾಕೋಲ್ ಮೊದಲು. ಫೆವಿಕ್ವಿಕ್ ಬಿದ್ದರೆ ಅದು ಕರಗಿ ಹೊಂಡ ಆಗ್ತದೆ. ಎಸ್‌ಆರ್ 998 (ಫೆವಿಕಾಲಿನವರ ರಬ್ಬರ್ ಅಂಟು) ಹಚ್ಚಿದರೂ ಅದೇ ಕಥೆ, ಅದರಲ್ಲಿರುವ ದ್ರಾವಕ ತಿಂದುಹಾಕ್ತದೆ. ಸ್ಪ್ರೇ ಪೇಂಟೂ ಹಾಗೆಯೇ. ಉಳಿಯುವುದು ಬಿಳಿ ಫೆವಿಕಾಲ್. ಥರ್ಮಾಕೋಲಿಗೆ ಪ್ಲೈ ಅಂಟಿಸುವುದಾದರೆ ತೊಂದರೆ ಇಲ್ಲ, ಪ್ಲೈ ನೀರು ಹೀರ್ತದೆ. ಥರ್ಮಾಕೋಲಿಗೆ ಥರ್ಮಾಕೋಲ್ ಅಂಟಿಸಿದರೆ ನಡುವಿನ ನೀರಿಗೆ ಹೋಗ್ಲಿಕ್ಕೆ ದಾರಿ ಇಲ್ಲ. ಅಂಚು ಒಣಗಿರ್ತದೆ, ವಾರ ಕಳೆದು ಎಬ್ಬಿಸಿದರೂ ನಡು ಹಾಲಿನ ಹಾಗೆ ಹಸಿ. ಹಾಗಾಗಿ ಅಲ್ಲಿಗೆ 5 ನಿಮಿಷದ ಎಪಾಕ್ಸಿ (ಅರಾಲ್ಡೈಟಿನ ಜಾತಿಯ ಅಂಟು) ಚುಕ್ಕೆ ಚುಕ್ಕೆ ಇಟ್ಟು, ಬಿದಿರಿನ ಕಡ್ಡಿ ಚುಚ್ಚಿ ಎರಡು ಪದರ ಸೇರಿಸಿ.

ಮೋಟರಿಗೆ ಗ್ಲೂ ಗನ್ ಯಾಕೆ ಬೇಡ: ಆ ಕಡ್ಡಿ ಬಿಸಿಗೆ ಕರಗುವ ಪ್ಲಾಸ್ಟಿಕ್ಕು ಅಷ್ಟೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ದಾಟ್ತದೆ, ಮೆತ್ತಗಾಗಿ ಮೋಟರ್ ವಾಲ್ತದೆ. ಓಡುವ ಮೋಟರಿನ ಬಿಸಿಯೂ ಸೇರ್ತದೆ. ನಯವಾದ ಲೋಹಕ್ಕೆ ಅದು ಗಟ್ಟಿ ಹಿಡಿಯುವುದೂ ಇಲ್ಲ, ಉಗುರಿನಿಂದ ಎಬ್ಬಿಸಿದರೆ ಇಡೀ ಗಡ್ಡೆ ಏಳ್ತದೆ. ವಯರನ್ನು ಹಲಗೆಗೆ ಹಿಡಿಸ್ಲಿಕ್ಕೆ ಗ್ಲೂ ಗನ್ ಒಳ್ಳೆಯದು, ಅಲ್ಲಿಗೇ ಇಡಿ.

ಮೋಟರಿಗೆ ಮೊದಲ ಆಯ್ಕೆ ತಗಡಿನ ಪಟ್ಟಿ ಮತ್ತು ಎರಡು ಸ್ಕ್ರೂ. ಅಂಟೇ ಬೇಕೆಂದರೆ ನಿಧಾನ ಹಿಡಿಯುವ ಅರಾಲ್ಡೈಟ್. ಮೋಟರಿನ ಮೈಯನ್ನು 120 ನಂಬ್ರದ ಸ್ಯಾಂಡ್ ಪೇಪರಿನಲ್ಲಿ ಗೀರಿ, ಅಸಿಟೋನಿನಲ್ಲಿ ಒರೆಸಿ, ಪ್ಲೈವುಡ್ಡಿನಲ್ಲಿ ಮೋಟರಿನ ಅರ್ಧ ಕೂರುವಷ್ಟು ತೊಟ್ಟಿಲು ಕೊರೆದು ಅಂಟಿಸಿ. ಅಂಟು ಹಿಡಿಯುವ ವಿಸ್ತಾರ ಹೆಚ್ಚಾದಷ್ಟು ಗಟ್ಟಿ. ತೆಳು ಸಿಎಯನ್ನು ಮೋಟರಿನ ಹತ್ತಿರ ತರಲೇಬೇಡಿ, ಅದು ಶಾಫ್ಟಿನ ಬುಷ್ ಒಳಗೆ ಎಳೆದುಕೊಂಡು ಹೋಗಿ ಮೋಟರನ್ನೇ ಲಾಕ್ ಮಾಡ್ತದೆ.

ಪೆರ್ಲ ಮರಗೆಲಸ

ಅರಾಲ್ಡೈಟ್ ಅಂದಾಜಿನಲ್ಲಿ ಬೆರೆಸುವವರೇ ಜಾಸ್ತಿ, ಆದ್ದರಿಂದ ಸ್ವಲ್ಪ ವಿವರವಾಗಿ. ಸ್ಟ್ಯಾಂಡರ್ಡ್ ಬಗೆಯಲ್ಲಿ ಅಳತೆಯಿಂದ ಹೇಳುವುದಾದರೆ ರೆಸಿನ್ ಒಂದು ಪಾಲು, ಹಾರ್ಡ್‌ನರ್ ಒಂದು ಪಾಲು. ತೂಕದಿಂದ ಹೇಳುವುದಾದರೆ 100ಕ್ಕೆ 80. ಎರಡೂ ಒಂದೇ ಲೆಕ್ಕ, ಹಾರ್ಡ್‌ನರ್ ಹಗುರ. ತೂಕದ ಯಂತ್ರದಲ್ಲಿ ಸಮ ಸಮ ಹಾಕಿದರೆ ಹಾರ್ಡ್‌ನರ್ ಹೆಚ್ಚಾಯ್ತು. ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಹಿಡೀತದೆ ಅನ್ನುವುದು ಸುಳ್ಳು, ಜೊತೆ ಸಿಗದ ಹಾರ್ಡ್‌ನರ್ ಒಳಗೇ ಉಳಿದು ರಬ್ಬರಿನ ಹಾಗೆ ಮೆತ್ತಗಾಗ್ತದೆ. ಸೂಜಿಯಿಲ್ಲದ 2 ಮಿ.ಲೀ. ಸಿರಿಂಜ್ ಎರಡು ಇಟ್ಟುಕೊಂಡು, ಒಂದಕ್ಕೊಂದು ಬದಲಾಗದ ಹಾಗೆ ಗುರುತು ಹಾಕಿ ಅಳೆಯಿರಿ. ಟ್ಯೂಬಿನ ಮುಚ್ಚಳಗಳೂ ಅದಲುಬದಲಾಗಬಾರದು, ಬದಲಾದರೆ ಮುಚ್ಚಳವೇ ಅಂಟಿ ಕೂರ್ತದೆ.

ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬಿಳಿ ಗೆರೆ ಮಾಯವಾಗುವ ತನಕ, ಎರಡು ನಿಮಿಷ, ಬದಿ ಅಡಿ ಕೆರೆದು ಕೆರೆದು ಬೆರೆಸಿ. ಕಾಗದದ ಮೇಲೆ ಬೇಡ. ಸ್ಟ್ಯಾಂಡರ್ಡಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೆಲಸ ಮಾಡಬಹುದು, ಅಲುಗಾಡಿಸ್ಲಿಕ್ಕೆ 10 ಗಂಟೆ, ಪೂರ್ತಿ ಬಲಕ್ಕೆ ಒಂದು ದಿನ. 5 ನಿಮಿಷದ್ದು ಅವಸರಕ್ಕೆ ಸರಿ, ಬಲದಲ್ಲೂ ನೀರು ತಾಳುವುದರಲ್ಲೂ ಅದಕ್ಕಿಂತ ಹಿಂದೆ. ದೊಡ್ಡ ಗಡ್ಡೆಯಾಗಿ ಬೆರೆಸಿಟ್ಟರೆ ತನ್ನದೇ ಬಿಸಿಯಿಂದ ಹೊಗೆಯಾಡಿ ಬೇಗ ಹಿಡೀತದೆ, ಹರಡಿ ಇಡಿ. ಮಳೆಗಾಲದಲ್ಲಿ ಹಿಡಿದ ಎಪಾಕ್ಸಿಯ ಮೇಲೆ ಮೇಣದ ಹಾಗೆ ಜಿಗುಟು ಪೊರೆ ಬರುವುದುಂಟು. ಅದು ಹಾರ್ಡ್‌ನರ್ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಆದದ್ದು. ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಪೇಂಟ್ ಮಾಡಿ, ಇಲ್ಲದಿದ್ದರೆ ಪೇಂಟ್ ಏಳ್ತದೆ.

ಇಡ್ಲಿಕ್ಕೆ ಇದು ಸುಲಭ. ಕೋಣೆಯಲ್ಲಿ, ಮುಚ್ಚಳ ಬಿಗಿದು. ಹಳೆ ರೆಸಿನ್ ಕಲ್ಲುಸಕ್ಕರೆಯ ಹಾಗೆ ಹರಳುಗಟ್ಟಿದ್ದರೆ ಬಿಸಾಡಬೇಡಿ, ಟ್ಯೂಬನ್ನು 50ರಿಂದ 60 ಡಿಗ್ರಿ ನೀರಿನಲ್ಲಿ ಇಟ್ಟರೆ ಕರಗಿ ಮೊದಲಿನ ಹಾಗಾಗ್ತದೆ. ಹಾರ್ಡ್‌ನರಿನ ಬಣ್ಣ ಕಂದಿದರೂ ಕೆಲಸ ಮಾಡ್ತದೆ.

ಊರಿನ ವಸ್ತುಗಳ ಬಗ್ಗೆ ಚೂರು. ಅಡಕೆ ಹಾಳೆಯನ್ನು ಮಾಡಿಗೆ ಹೊದೆಸುವುದಾದರೆ ಒಳಮೈಯ ನುಣುಪು ಪೊರೆ ಉಜ್ಜಿ ತೆಗೆದು ಫೆವಿಕಾಲ್ ಹಚ್ಚಿ, ಭಾರ ಹೇರಿ. ಬಿದಿರಿನ ಹೊರಸಿಪ್ಪೆಗೆ ಯಾವ ಅಂಟೂ ಸರಿ ಹಿಡಿಯುವುದಿಲ್ಲ, ಕೆರೆಯಲೇಬೇಕು. ಗೆರಟೆಗೆ ಎಪಾಕ್ಸಿ, ಗೀರಿದ ಮೇಲೆ. ತೇಗದಲ್ಲಿ ಎಣ್ಣೆ ಇರ್ತದೆ, ಅಂಟಿಸುವ ಸ್ವಲ್ಪ ಮೊದಲು ಅಸಿಟೋನಿನಲ್ಲಿ ಒರೆಸಿ. ಮಕ್ಕಳು ತಲೆಗೆ ತೆಂಗಿನೆಣ್ಣೆ ಹಚ್ಚಿ ಬಂದಿರ್ತಾರೆ, ಕೈ ತಲೆಗೆ ಹೋಗಿ ಸೀದಾ ಜಾಯಿಂಟಿಗೆ ಬರ್ತದೆ. ಅಂಟು ಬಿಟ್ಟ ಜಾಗದಲ್ಲಿ ಬೆರಳಿನ ಗುರುತು ಕಂಡರೆ ಅಂಟಿಗೆ ಬೈಯಬೇಡಿ, ಸಾಬೂನು ಕೊಡಿ.

ಸಣ್ಣ ಟ್ಯಾಂಕ್

ಪ್ಲಾಸ್ಟಿಕ್ ಕಿಟ್ ಕಟ್ಟುವವರು ಇಲ್ಲಿ ಕಡಿಮೆ, ಆದರೂ ಒಂದು ಸಾಲು ಇರಲಿ. ಪಾಲಿಸ್ಟೈರೀನ್ ಕಿಟ್ಟಿಗೆ ಅಂಟು ಅಂದರೆ ತಮಿಯಾ ಎಕ್ಸ್‌ಟ್ರಾ ಥಿನ್, 40 ಮಿ.ಲೀ. ಸೀಸೆ. ಅದು ಅಂಟುವುದಲ್ಲ, ಎರಡೂ ಮೈಯನ್ನು ಕರಗಿಸಿ ಒಂದು ಮಾಡುವುದು. ಭಾಗಗಳನ್ನು ಮೊದಲು ಜೋಡಿಸಿ ಹಿಡಿದು ಸಂದಿಗೆ ಕುಂಚ ಮುಟ್ಟಿಸಿದರೆ ಓಡಿಹೋಗ್ತದೆ. ಪೇಂಟ್ ಬಳಿದ ಜಾಗ ಕೆರೆಯಬೇಕು, ಪೇಂಟಿನ ಮೇಲೆ ಹಿಡಿಯುವುದಿಲ್ಲ. ಉಜ್ಜುವುದಿದ್ದರೆ ಒಂದು ದಿನ ಕಾಯಿರಿ, ಒಳಗೆ ಮೆತ್ತಗಿರ್ತದೆ. ಇದಕ್ಕೆ ತೇವ ಶತ್ರು ಅಲ್ಲ, ಆವಿ ಶತ್ರು: ಮುಚ್ಚಳ ತೆಗೆದಿಟ್ಟರೆ ಸೀಸೆ ಖಾಲಿ. ಬೆಂಕಿಯಿಂದ ದೂರ, ಕಿಟಕಿ ತೆರೆದು. ಸೀಸೆ ಮಗುಚದ ಹಾಗೆ ಥರ್ಮಾಕೋಲ್ ತುಂಡಿನಲ್ಲಿ ಕೂರಿಸುವ ಆಲೋಚನೆ ಬಂದರೆ ಬೇಡ, ಚೆಲ್ಲಿದರೆ ಅದೂ ಕರಗ್ತದೆ. ಮರದ ತುಂಡು ಕೊರೆದು ಇಡಿ.

ಕಿಟಕಿಯ ಪಾರದರ್ಶಕ ಭಾಗಕ್ಕೆ ಇದೂ ಬೇಡ, ಸಿಎಯೂ ಬೇಡ, ಎರಡೂ ಮಂಜು ಹಿಡಿಸ್ತವೆ. ಬಿಳಿ ಫೆವಿಕಾಲ್ ಒಂದು ಗೆರೆ ಸಾಕು, ಒಣಗಿದರೆ ಕಾಣುವುದೇ ಇಲ್ಲ.

ಹೊಸಂಗಡಿ ಟೀಚರ್

ಮಕ್ಕಳ ಕೈಗೆ ಕೊಡುವಾಗ ಎಚ್ಚರಿಕೆ ಎಂತೆಂತ? ಐದನೇ ಕ್ಲಾಸಿನ ಮಕ್ಕಳೂ ಇದ್ದಾರೆ. ಮತ್ತೆ ಕಪ್ಪು ಬಣ್ಣದ ಗೋಪುರದ ಸುತ್ತ ಬಿಳಿ ಹುಡಿ ಕೂತರೆ ತೆಗೆಯುವುದು ಹೇಗೆ?

ಮುಳ್ಳೇರಿಯ ರಸಾಯನ

ಐದರವರಿಗೆ ಬಿಳಿ ಫೆವಿಕಾಲ್ ಮಾತ್ರ. ಸಿಎ, ಎಪಾಕ್ಸಿ, ಎಸ್‌ಆರ್ 998 ದೊಡ್ಡವರ ಕೈಯಲ್ಲಿ, ಕಿಟಕಿ ತೆರೆದ ಕೋಣೆಯಲ್ಲಿ.

ಸಿಎ ಬಳಸುವಾಗ ಹತ್ತಿ ಬಟ್ಟೆ, ಹತ್ತಿ ಉಂಡೆ, ಹತ್ತಿಯ ಕೈಗವಸು ಹತ್ತಿರ ಇರಬಾರದು. ಹತ್ತಿಯ ನೂಲಿನ ಮೇಲೆ ಅದು ಒಮ್ಮೆಲೇ ಗಟ್ಟಿಯಾಗಿ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಯೂನಿಫಾರ್ಮಿನ ಮೇಲೆ ಬಿದ್ದರೆ ಉಜ್ಜಬೇಡಿ, ಬಟ್ಟೆಯನ್ನು ಮೈಯಿಂದ ದೂರ ಎಳೆದು ಹಿಡಿದು ನೀರು ಸುರಿಯಿರಿ. ಬೆರಳಿಗೆ ಬೆರಳು ಅಂಟಿದರೆ ಎಳೆಯಬಾರದು, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲ ಹೊರಳಿಸುತ್ತಾ ಬಿಡಿಸಬೇಕು. ಅಸಿಟೋನ್ ಬೇಗ ಬಿಡಿಸುತ್ತದೆ, ಆದರೆ ಗಾಯಕ್ಕೂ ಮುಖಕ್ಕೂ ತಾಗಬಾರದು. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬಲವಂತದಿಂದ ಬಿಡಿಸದೆ, ಅಸಿಟೋನ್ ಮುಟ್ಟಿಸದೆ, ಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಾ ನೇರ ಆಸ್ಪತ್ರೆಗೆ. ಮೂತಿ ಕಟ್ಟಿದೆ ಎಂದು ಬಿಸಿ ಸೂಜಿ ಚುಚ್ಚುವ ಅಭ್ಯಾಸ ಕೆಲವರಿಗಿದೆ, ಹೊರಡುವ ಹೊಗೆ ಕಣ್ಣು ಮೂಗು ಉರಿಸುತ್ತದೆ. ಮೂತಿಯನ್ನು ಕಳಚಿ ಅಸಿಟೋನಿನಲ್ಲಿ ರಾತ್ರಿ ನೆನೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಬಿಳಿ ಹುಡಿಗೆ: ಬರದಂತೆ ನೋಡುವುದೇ ಸುಲಭ. ಅಂಟು ಕಡಿಮೆ ಹಾಕಿ, ಟೇಬಲ್ ಫ್ಯಾನನ್ನು ನೇರ ಜಾಯಿಂಟಿಗೆ ಅಲ್ಲದಿದ್ದರೂ ಅದರ ಮೇಲಿನಿಂದ ಗಾಳಿ ಸರಿಯುವ ಹಾಗೆ ಇಡಿ, ಆವಿ ಅಲ್ಲೇ ನಿಲ್ಲಬಾರದು. ಅಂಟಿಸಿದ ಕೂಡಲೇ ಮಾದರಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಬೇಡಿ. ಹೆಚ್ಚಿನವರು ಕೆಡಿಸಿಕೊಳ್ಳುವುದು ಅಲ್ಲೇ. ಬಣ್ಣ ಬಳಿಯುವುದನ್ನು ಅಂಟಿಸಿದ ನಂತರಕ್ಕೆ ಇಟ್ಟರೆ ಹುಡಿ ಬಣ್ಣದಡಿಗೆ ಹೋಗುತ್ತದೆ.

ಪೆರ್ಲ ಮರಗೆಲಸ

ಬಂದದ್ದಕ್ಕೆ: ಬರೇ ಮರವಾದರೆ 400 ನಂಬ್ರದ ಪೇಪರಿನಲ್ಲಿ ಹಗುರಕ್ಕೆ ಉಜ್ಜಿ. ಪೇಂಟ್ ಆದ ಮೇಲೆ ಬಂದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಮೇಲೊಂದು ತೆಳು ಮ್ಯಾಟ್ ವಾರ್ನಿಶ್ ಎಳೆಯಿರಿ, ಮುಚ್ಚಿಹೋಗ್ತದೆ. ಅಸಿಟೋನ್ ಹಾಕಿದರೆ ಹುಡಿಯ ಜೊತೆ ಪೇಂಟೂ ಹೋಗ್ತದೆ. ಅಡಿಯ ಥರ್ಮಾಕೋಲಿಗೆ ಒಂದು ಹನಿ ಇಳಿದರೆ ಅದೂ.